ಕೆಸರುನೆಲಕ್ಕೆ ಬಟ್ಟೆ ತೊಟ್ಟ ಕಂಬಗಳು

ನದಿಗಳು ಸಮುದ್ರವನ್ನು ಸೇರುವೆಡೆಗಳಲ್ಲಿ ಶತಮಾನಗಳಿಂದ ಸಂಚಯಗೊಂಡ ನುಣ್ಣನೆಯ ಜೇಡಿಯು, ಕಣಕಣಗಳ ನಡುವೆ ನೀರನ್ನು ಹಿಡಿದಿಟ್ಟುಕೊಂಡು, ನೋಡುವುದಕ್ಕೆ ನೆಲದಂತಿದ್ದರೂ ಭಾರ ಹೊರುವ ಕಾಲಕ್ಕೆ ನೆಲದ ಧರ್ಮವನ್ನು ತೊರೆಯುತ್ತದೆ. ಅದರ ಮೇಲೊಂದು ಏರಿಯನ್ನು ಕಟ್ಟಿದರೆ, ಒಳಗಿನ ನೀರು ಅತಿ ಮಂದಗತಿಯಿಂದ ಹೊರಸರಿಯುತ್ತ, ಕುಸಿತವು ವರ್ಷಗಟ್ಟಲೆ ನಡೆದೇ ಇರುತ್ತದೆ. ಈ ಕ್ರಿಯೆಯ ಗಣಿತವನ್ನು ಕಾರ್ಲ್ ಟೆರ್ಜಾಗಿಯು 1925ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ನಿರೂಪಿಸಿದನು.

ಇಂತಹ ನೆಲದಲ್ಲಿ ಕುಳಿ ತೋಡಿ, ಜಲ್ಲಿಯನ್ನು ತುಂಬಿ, ದಮ್ಮಸ್ಸು ಮಾಡಿ ಕಂಬಗಳನ್ನು ನಿಲ್ಲಿಸುವುದು ರೂಢಿಯಲ್ಲಿರುವ ಉಪಾಯ. ಆದರೆ ಜಲ್ಲಿಯ ತುಂಡುಗಳಿಗೆ ತಮ್ಮೊಳಗೆ ಬಂಧವಿಲ್ಲ. ಸುತ್ತಲಿನ ಮಣ್ಣು ಎದುರೊತ್ತುವಷ್ಟು ಮಾತ್ರವೇ ಅವು ಒಂದರ ಮೇಲೊಂದು ನಿಲ್ಲಬಲ್ಲವು. ಮಣ್ಣಿನ ಬಲವು ಸುಮಾರು 15 ಕಿಲೋಪಾಸ್ಕಲಿಗಿಂತಲೂ ಕಡಿಮೆಯಾದೆಡೆ ಕಂಬದ ಮೇಲ್ಭಾಗವು ಉಬ್ಬಿ, ಕಲ್ಲುಗಳು ಕೆಸರಿನೊಳಕ್ಕೆ ಹರಡಿಹೋಗುತ್ತವೆ.

ಮಣ್ಣು ನೀಡಲಾರದ ಆ ಒತ್ತಾಸರೆಯನ್ನು ಬಟ್ಟೆಯಿಂದ ಪಡೆಯುವುದೇ ಹೊಸ ವಿಧಾನದ ಸಾರ. ನೆಲದ ಮೇಲೆ ಸುರಿದರೆ ಹರಡಿಬಿಡುವ ಅಕ್ಕಿಯು ಗೋಣಿಯಲ್ಲಿ ತುಂಬಿ ಬಾಯಿ ಹೊಲಿದೊಡನೆ ಗಟ್ಟಿಯಾದ ಮೂಟೆಯಾಗಿ ನಿಲ್ಲುವಂತೆ, ಕೃತಕ ನೂಲಿನಿಂದ ನೆಯ್ದ ಕೊಳವೆಯಾಕಾರದ ಚೀಲದಲ್ಲಿ ಸೆರೆಯಾದ ಜಲ್ಲಿಯೂ ಭಾರ ಬಿದ್ದಾಗ ಹೊರಕ್ಕೆ ಸರಿಯಹೋಗಿ, ಬಟ್ಟೆಯನ್ನು ಸುತ್ತಲೂ ಬಿಗಿಸಿ, ಆ ಬಿಗಿತದಿಂದಲೇ ತಾನು ಬಂಧಿತವಾಗಿ ದೃಢವಾಗುತ್ತದೆ. ಬಿಗಿತವು ಅಷ್ಟೇ ಇದ್ದಲ್ಲಿ, ಕಂಬವು ಸಪೂರವಾದಷ್ಟೂ ಒಳಗಿನ ಕಲ್ಲಿಗೆ ದೊರೆಯುವ ಒತ್ತಾಸರೆ ಅಧಿಕ. ಮದ್ರಾಸಿನ ಐಐಟಿಯ ಮುರುಗೇಶನ್ ಮತ್ತು ರಾಜಗೋಪಾಲ್ ಅವರು 2006ರಲ್ಲಿ ಪ್ರಕಟಿಸಿದ ಗಣನೆಗಳೂ ಈ ತತ್ತ್ವವನ್ನೇ ಸಮರ್ಥಿಸಿದುವು.

ಜರ್ಮನಿಯ ಹ್ಯಾಂಬರ್ಗಿನಲ್ಲಿ ಏರ್‌ಬಸ್ ವಿಮಾನ ಕಾರ್ಖಾನೆಯನ್ನು ವಿಸ್ತರಿಸಲೆಂದು, ಈ ಶತಮಾನದ ಆರಂಭದಲ್ಲಿ, ಎಲ್ಬೆ ನದಿಯ ಭರತವಿಳಿತಕ್ಕೊಳಗಾದ ಕೆಸರಿನಲ್ಲಿ ಸುಮಾರು 140 ಹೆಕ್ಟೇರು ನೆಲವನ್ನು ಪಡೆಯಬೇಕಾಯಿತು. ಅದನ್ನು ಸುತ್ತುವರಿದ ಏರಿಯ ಬುಡಕ್ಕೆ 80 ಸೆಂಟಿಮೀಟರು ವ್ಯಾಸದ, 4ರಿಂದ 14 ಮೀಟರುಗಳಷ್ಟು ಆಳದ ಸುಮಾರು 60,000 ಕಂಬಗಳನ್ನು ಇಳಿಸಿದರು. ಅಲ್ಲಿ ತುಂಬಿದ್ದು ಜಲ್ಲಿಯಲ್ಲ, ಮರಳು. ತುದಿ ಮುಚ್ಚಿದ ಉಕ್ಕಿನ ಕೊಳವೆಯನ್ನು ಕಂಪನದಿಂದ ಗಟ್ಟಿನೆಲದವರೆಗೆ ಇಳಿಸಿ, ಅದರೊಳಕ್ಕೆ ಚೀಲವನ್ನು ಬಿಟ್ಟು, ಮರಳು ತುಂಬಿ, ಬಳಿಕ ತುದಿಯನ್ನು ತೆರೆದು ಕೊಳವೆಯನ್ನು ಕಂಪಿಸುತ್ತಲೇ ಮೇಲಕ್ಕೆಳೆದರೆ, ಮರಳು ಅಡಕಗೊಂಡು ಬಟ್ಟೆಯು ಬಿಗಿಯುವುದು.

ಈ ಕಂಬಕ್ಕೆ ಇನ್ನೊಂದು ಗುಣವುಂಟು: ಬಟ್ಟೆಯು ಜೇಡಿಯನ್ನು ತಡೆದು ನೀರನ್ನು ಮಾತ್ರ ಒಳಬಿಡುವುದರಿಂದ, ನೀರಿಗೆ ಹೊರಬರುವ ದಾರಿ ಹತ್ತಿರವಾಗಿ, ಕಂಬಗಳ ನಡುವಣ ಮಣ್ಣೂ ಬೇಗನೆ ನೀರನ್ನು ಬಸಿದು ಬಲಗೊಳ್ಳುತ್ತದೆ. ದುರ್ಬಲ ನೆಲವನ್ನು ಅಗೆದು ಬಿಸುಡದೆ, ಅದಕ್ಕೆ ಆಸರೆ ಕೊಟ್ಟು ಅದನ್ನೂ ಭಾರದಲ್ಲಿ ಪಾಲುಗೊಳಿಸುವ ಈ ವಿವೇಕವನ್ನೇ ನಾನು ಇದರ ಶ್ರೇಷ್ಠತೆಯೆಂದು ಎಣಿಸುತ್ತೇನೆ.