ಆಟಕ್ಕೆ ಬೇಕಾದ್ದು ಥಳಕೋ ತಿರುಳೋ?



ಈಗ ಯಾವ ವಿಡಿಯೋ ಗೇಮ್ ಬಗ್ಗೆ ಕೇಳಿದರೂ ‘ಗ್ರಾಫಿಕ್ಸ್ ಸೂಪರ್ ಕಣೋ’ ಅಂತಲೇ ಹೇಳುತ್ತಾರೆ. ಗ್ರಾಫಿಕ್ಸ್ ಎಂದರೆ ಪರದೆಯ ಮೇಲೆ ಕಾಣುವ ಚಿತ್ರ, ಬಣ್ಣ, ಬೆಳಕು. ಇದು ಆಟದ ಹೊರಗಿನ ಅಂದ. ಆಟದ ತಿರುಳು ಬೇರೆ. ನಿಯಮ ಏನು, ಎಷ್ಟು ಯೋಚನೆ ಮಾಡಬೇಕು, ಸೋತರೂ ಇನ್ನೊಂದು ಸಲ ಆಡೋಣ ಅನಿಸುತ್ತದೆಯೇ, ಇದೆಲ್ಲ ತಿರುಳು. ಎರಡರಲ್ಲಿ ಯಾವುದು ಮುಖ್ಯ ಎಂದು ನೋಡೋಣ.

ಮೊದಲು ಟೆಟ್ರಿಸ್ ಎಂಬ ಆಟ. ಇದನ್ನು 1984ರಲ್ಲಿ ಮಾಸ್ಕೋ ನಗರದಲ್ಲಿ ಅಲೆಕ್ಸಿ ಪಜಿತ್ನೋವ್ ಎಂಬುವವರು ಮಾಡಿದರು. ಅವರ ಕಂಪ್ಯೂಟರಿನಲ್ಲಿ ಚಿತ್ರವೇ ಬರುತ್ತಿರಲಿಲ್ಲ, ಬರೀ ಅಕ್ಷರ ಮತ್ತು ಚಿಹ್ನೆ ಬರುತ್ತಿದ್ದವು. ಅದಕ್ಕೆ ಅವರು ನಾವು ಲೆಕ್ಕದಲ್ಲಿ ಹಾಕುವ ಆವರಣ ಚಿಹ್ನೆಗಳನ್ನೇ ಜೋಡಿಸಿ ಚೌಕ ಮಾಡಿದರು. ನಾಲ್ಕು ಚೌಕ ಸೇರಿದ 7 ಬಗೆಯ ತುಂಡುಗಳು ಮೇಲಿನಿಂದ ಬೀಳುತ್ತವೆ. ಅವನ್ನು ತಿರುಗಿಸಿ ಜೋಡಿಸಬೇಕು. ಒಂದು ಸಾಲು ಪೂರ್ತಿ ತುಂಬಿದರೆ ಅದು ಮಾಯ. ಅಷ್ಟೇ ಆಟ! 2023ರ ಡಿಸೆಂಬರಿನಲ್ಲಿ ಅಮೆರಿಕದ ಒಕ್ಲಹೋಮ ರಾಜ್ಯದ ಒಬ್ಬ ಹುಡುಗ 1989ರ ಟೆಟ್ರಿಸನ್ನು ಎಷ್ಟು ಆಡಿದ ಅಂದರೆ, ಕೊನೆಗೆ ಆಟವೇ ಮುಂದೆ ಹೋಗಲಾರದೆ ನಿಂತುಬಿಟ್ಟಿತು. ಆಗ ಅವನ ವಯಸ್ಸು ನನ್ನಷ್ಟೇ, 13. ಅದು ಅವನು ಹುಟ್ಟುವ 20 ವರ್ಷಕ್ಕೂ ಮೊದಲಿನ ಆಟ.

ಇನ್ನೊಂದು ಉದಾಹರಣೆ. 1989ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ ಗೇಮ್ ಬಾಯ್ ಎಂಬ ಕೈಯಲ್ಲಿ ಹಿಡಿದು ಆಡುವ ಯಂತ್ರ ತಂದಿತು. ಅದರ ಪರದೆಯಲ್ಲಿ ಬಣ್ಣಗಳಿಲ್ಲ. ಮಾಸಲು ಹಸಿರಿನ ಮೇಲೆ ತಿಳಿ, ಗಾಢ ಅಂತ ನಾಲ್ಕು ಛಾಯೆ ಮಾತ್ರ. ಮರುವರ್ಷ ಸೇಗಾ ಕಂಪನಿ ಗೇಮ್ ಗೇರ್ ತಂದಿತು. ಅದರಲ್ಲಿ ಬಣ್ಣಗಳು, ಪರದೆಯ ಹಿಂದೆ ಬೆಳಕು, ನೋಡಲು ಬಲು ಚೆಂದ. ಆದರೆ ಅದಕ್ಕೆ 6 ಪೆನ್ಸಿಲ್ ಸೆಲ್ ಬೇಕು, 3ರಿಂದ 5 ಗಂಟೆಯಲ್ಲಿ ಮುಗಿದೇ ಹೋಗುತ್ತಿದ್ದವು. ಗೇಮ್ ಬಾಯ್‌ಗೆ 4 ಸೆಲ್ ಸಾಕು, 10 ಗಂಟೆಗೂ ಹೆಚ್ಚು ಬಾಳುತ್ತಿದ್ದವು. ಆಡಲು ಟೆಟ್ರಿಸ್‌ನಂಥ ಒಳ್ಳೆಯ ಆಟಗಳೂ ಇದ್ದವು. ಕೊನೆಗೆ ಗೇಮ್ ಗೇರ್ ಸುಮಾರು 1 ಕೋಟಿ ಮಾರಾಟವಾಯಿತು. ಗೇಮ್ ಬಾಯ್, ಆಮೇಲೆ ಬಂದ ಅದರ ಬಣ್ಣದ ತಮ್ಮನೂ ಸೇರಿ, 11 ಕೋಟಿಗೂ ಹೆಚ್ಚು ಮಾರಾಟವಾಯಿತು.

ಅದೆಲ್ಲ ಹಳೇ ಕಾಲ ಅಂತೀರಾ? 2011ರಲ್ಲಿ ಪೂರ್ತಿಯಾಗಿ ಬಿಡುಗಡೆಯಾದ ಮೈನ್‌ಕ್ರಾಫ್ಟ್ ನೋಡಿ. ಅದರಲ್ಲಿ ಮರವೂ ಚೌಕ, ಹಸುವೂ ಚೌಕ, ಸೂರ್ಯನೂ ಚೌಕ! ಆದರೆ ಮಣ್ಣು ಅಗೆದು, ಮರ ಕಡಿದು ಏನು ಬೇಕಾದರೂ ಕಟ್ಟಬಹುದು. 2023ರ ಹೊತ್ತಿಗೆ ಅದರ 30 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿದ್ದವು.

ಹಾಗಾದರೆ ಅಂದ ಬೇಡವೇ? ಬೇಕು. ಆದರೆ ಅದು ಆಟಕ್ಕೆ ಕೆಲಸ ಮಾಡಿಕೊಡಬೇಕು. ಮಾರಿಯೋಗೆ ಮೀಸೆ, ಟೋಪಿ ಯಾಕಿದೆ ಗೊತ್ತೇ? 1981ರಲ್ಲಿ ಶಿಗೆರು ಮಿಯಾಮೊಟೊ ಅವನನ್ನು ಬರೆದಾಗ ಪರದೆಯಲ್ಲಿ ಕೆಲವೇ ಚುಕ್ಕಿಗಳಲ್ಲಿ ಮನುಷ್ಯನನ್ನು ಬರೆಯಬೇಕಿತ್ತು. ಬಾಯಿ ಬರೆಯುವುದು ಕಷ್ಟ, ಅದಕ್ಕೆ ಮೀಸೆ. ಕೂದಲು ಕಷ್ಟ, ಅದಕ್ಕೆ ಟೋಪಿ. ಓಡುವಾಗ ಕೈ ಬೀಸುವುದು ಕಾಣಲಿ ಅಂತ ಬೇರೆ ಬಣ್ಣದ ಬಟ್ಟೆ. ಇದು ಕೆಲಸಕ್ಕೆ ಬರುವ ಅಂದ.

ಈಗ ಮುಖ್ಯ ವಿಷಯ. ಮೊಬೈಲಿನ ಕೆಲವು ಆಟಗಳು ಬಿಟ್ಟಿ ಸಿಗುತ್ತವೆ. ಆದರೆ ಒಳಗೆ ಹೋದರೆ ಆಟಗಾರನ ಬಟ್ಟೆಗೆ ದುಡ್ಡು ಕೇಳುತ್ತವೆ. ಇದಕ್ಕೆ ‘ಸ್ಕಿನ್’ ಅನ್ನುತ್ತಾರೆ. ಸಾಮಾನ್ಯವಾಗಿ ಇದರಿಂದ ಗುರಿಯೂ ಹೆಚ್ಚಲ್ಲ, ಓಟವೂ ಹೆಚ್ಚಲ್ಲ, ಬರೀ ಥಳಕು. ಆದರೂ ಸ್ಕಿನ್ ಇಲ್ಲದವನನ್ನು ನಮ್ಮಲ್ಲಿ ಕೆಲವರು ‘ನೀನು ಬಡವ, ನಮ್ಮ ಟೀಮಿಗೆ ಬೇಡ’ ಅಂತ ರೇಗಿಸುತ್ತಾರೆ. ಅದಕ್ಕೆ ಹೆದರಿ ಅಪ್ಪನ ಫೋನಿನಿಂದ ಕೇಳದೆ ದುಡ್ಡು ಕಟ್ಟುವವರೂ ಇದ್ದಾರೆ. ಒಂದು ದಿನದ ಕೂಲಿ ಒಂದು ಅಂಗಿಗೆ ಹೋಗುತ್ತದೆ, ಆ ಅಂಗಿಯನ್ನು ತೊಡುವುದಕ್ಕೂ ಆಗಲ್ಲ! ಹೊಸ ಅಂಗಿ ಹಾಕಿಕೊಂಡು ಬಂದರೆ ಖೋಖೋದಲ್ಲಿ ಔಟ್ ಆಗೋದಿಲ್ಲವೇ? ನೀವೇ ಹೇಳಿ.

ಆಟ ಒಳ್ಳೆಯದೋ ಅಲ್ಲವೋ ತಿಳಿಯಲು ಒಂದು ಪರೀಕ್ಷೆ ಇದೆ. ಮನಸ್ಸಿನಲ್ಲೇ ಅದರ ಬಣ್ಣ, ಬಟ್ಟೆ, ಸಂಗೀತ ಎಲ್ಲಾ ತೆಗೆದುಬಿಡಿ. ಆಮೇಲೂ ಆಡಬೇಕು ಅನಿಸಿದರೆ ತಿರುಳಿದೆ. ಅರಳಿಕಟ್ಟೆಯ ಮೇಲೆ ಅಜ್ಜಂದಿರು ಇದ್ದಿಲಿನಲ್ಲಿ ಗೆರೆ ಎಳೆದು ಹುಲಿ-ಕುರಿ ಆಡುತ್ತಾರಲ್ಲ, ಅದರಲ್ಲಿ ಹುಲಿಯೂ ಕಲ್ಲು, ಕುರಿಯೂ ಕಲ್ಲು. ಆದರೂ ಊಟಕ್ಕೆ ಕರೆದರೆ ಏಳುವುದಿಲ್ಲ!

‘ಮೇಲೆ ಥಳಕು ಒಳಗೆ ಹುಳುಕು’ ಎಂಬ ಗಾದೆ ಆಟಕ್ಕೂ ಸರಿ. ಅದಕ್ಕೇ ಸ್ಕಿನ್ ಇಲ್ಲ ಅಂತ ಯಾರನ್ನೂ ಟೀಮಿನಿಂದ ಬಿಡಬೇಡಿ. ಆಟ ನೋಡಿ ಸೇರಿಸಿಕೊಳ್ಳಿ.

ನಿಮಗೆ ಇಷ್ಟವಾದ ಆಟ ಈ ಪರೀಕ್ಷೆಯಲ್ಲಿ ಪಾಸಾಯಿತೇ? ಚೀಟಿಯಲ್ಲಿ ಬರೆದು ಇದರ ಕೆಳಗೆ ಅಂಟಿಸಿ.

— 7ನೇ ತರಗತಿ