'ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ' ಎಂದರೆ ಲ್ಯಾಪ್‌ಟಾಪ್‌ಗೆ ವೈರಸ್ ಬಂದಿದೆಯೇ? ಮೊದಲು ತಾರೀಕು ನೋಡಿ

ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನ ಹತ್ತಿರ ಬಂದಾಗ, ತಿಂಗಳುಗಟ್ಟಲೆ ಬೀರುವಿನಲ್ಲಿದ್ದ ಲ್ಯಾಪ್‌ಟಾಪ್ ಹೊರಗೆ ಬರುತ್ತದೆ. ಚಾರ್ಜರ್ ಸಿಕ್ಕಿಸಿ, ಮೊಬೈಲ್ ಹಾಟ್‌ಸ್ಪಾಟ್ ಕೊಟ್ಟು ಬ್ರೌಸರ್ ತೆರೆದರೆ ಯಾವ ಜಾಲತಾಣವೂ ತೆರೆಯುವುದಿಲ್ಲ. 'ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ' ಎಂಬ ಎಚ್ಚರಿಕೆ ಕಾಣಿಸುತ್ತದೆ. ವಿಂಡೋಸ್ ಅಪ್‌ಡೇಟ್ ಮಾಡಲು ಹೋದರೆ ಅದೂ ವಿಫಲವಾಗುತ್ತದೆ. ಕಡೂರಿನಲ್ಲಾಗಲಿ, ತರೀಕೆರೆ, ಅಜ್ಜಂಪುರದಲ್ಲಾಗಲಿ, ಇಂಥ ಹೊತ್ತಿನಲ್ಲಿ ಸಿಗುವ ಸಲಹೆ ಸಾಮಾನ್ಯವಾಗಿ ಎರಡು: 'ವೈರಸ್ ಬಂದಿದೆ, ಫಾರ್ಮ್ಯಾಟ್ ಮಾಡಿಸಿ' ಅಥವಾ 'ಏನೂ ಆಗಲ್ಲ, ಮುಂದುವರಿಸಿ ಅಂತ ಒತ್ತಿ'. ಮೊದಲನೆಯದರಿಂದ ಫೋಟೊ, ದಾಖಲೆಗಳು ಅಳಿಸಿಹೋಗಬಹುದು. ಎರಡನೆಯದರಿಂದ ಪಾಸ್‌ವರ್ಡ್ ಬೇರೆಯವರ ಪಾಲಾಗಬಹುದು. ಇವೆರಡಕ್ಕೂ ಮುಂಚೆ ಲ್ಯಾಪ್‌ಟಾಪ್ ತೋರಿಸುತ್ತಿರುವ ತಾರೀಕು, ಇಸವಿ ನೋಡಿ.

ತಾರೀಕಿಗೂ ಜಾಲತಾಣಕ್ಕೂ ಏನು ಸಂಬಂಧ?

ಕಡೂರು ಜಂಕ್ಷನ್‌ನಿಂದ ಚಿಕ್ಕಮಗಳೂರಿಗೆ ಹೊರಟ ರೈಲಿನಲ್ಲಿ ಟಿಕೆಟ್ ತಪಾಸಣೆಗೆ ಬಂದವರು, ಇವತ್ತು 2015ನೇ ಇಸವಿ ಎಂದು ನಂಬಿದ್ದಾರೆ ಎಂದುಕೊಳ್ಳಿ. ನಿಮ್ಮ ಕೈಯಲ್ಲಿರುವ ಇಂದಿನ ಟಿಕೆಟ್ ಅಸಲಿಯೇ ಆದರೂ ಅವರು ಒಪ್ಪುವುದಿಲ್ಲ. ತಪ್ಪಿರುವುದು ಟಿಕೆಟ್ ಅಲ್ಲ, ಅವರ ಕ್ಯಾಲೆಂಡರ್.

ಬ್ರೌಸರ್ ಮಾಡುವುದೂ ಇದೇ ತಪಾಸಣೆ. ಸುರಕ್ಷಿತ ಜಾಲತಾಣಕ್ಕೆಲ್ಲ ಒಂದು ಡಿಜಿಟಲ್ ಪ್ರಮಾಣಪತ್ರ ಇರುತ್ತದೆ. ಅದು ಯಾವ ದಿನದಿಂದ ಯಾವ ದಿನದವರೆಗೆ ಚಾಲ್ತಿಯಲ್ಲಿರುತ್ತದೆ ಎಂಬುದು ಅದರಲ್ಲೇ ನಮೂದಾಗಿರುತ್ತದೆ. ಈ ಅವಧಿ ಬಹಳ ದೀರ್ಘವಲ್ಲ. ಹಲವು ಜಾಲತಾಣಗಳು ಬಳಸುವ ಉಚಿತ ಪ್ರಮಾಣಪತ್ರ 90 ದಿನಕ್ಕೆ ಮುಗಿಯುತ್ತದೆ. ಬ್ರೌಸರ್ ಆ ಅವಧಿಯನ್ನು ಲ್ಯಾಪ್‌ಟಾಪ್‌ನ ಗಡಿಯಾರದ ಜೊತೆ ಹೋಲಿಸುತ್ತದೆ. ಗಡಿಯಾರ ವರ್ಷಗಟ್ಟಲೆ ಹಿಂದಿದ್ದರೆ ಎಲ್ಲ ಪ್ರಮಾಣಪತ್ರಗಳೂ 'ಇನ್ನೂ ಚಾಲ್ತಿಗೆ ಬಂದಿಲ್ಲ' ಎಂದು ತಿರಸ್ಕೃತವಾಗುತ್ತವೆ. ವಿಂಡೋಸ್ ಅಪ್‌ಡೇಟ್ ಕೂಡ ಸುರಕ್ಷಿತ ಸಂಪರ್ಕದ ಮೂಲಕವೇ ಬರುವುದರಿಂದ, ಅದೂ ಇದೇ ಕಾರಣಕ್ಕೆ ನಿಲ್ಲುತ್ತದೆ.

ಗಡಿಯಾರ ತಪ್ಪುವುದೇಕೆ?

ಲ್ಯಾಪ್‌ಟಾಪ್ ಆಫ್ ಆಗಿದ್ದಾಗಲೂ ಗಡಿಯಾರ ಓಡುತ್ತಿರಬೇಕು. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಇದಕ್ಕೆಂದೇ ನಾಣ್ಯದಂಥ 3 ವೋಲ್ಟ್‌ನ ಸಣ್ಣ ಬ್ಯಾಟರಿ ಇರುತ್ತದೆ. ಕೆಲವು ಹೊಸ ಮಾದರಿಗಳು ಮುಖ್ಯ ಬ್ಯಾಟರಿಯನ್ನೇ ನೆಚ್ಚಿಕೊಂಡಿರುತ್ತವೆ. ಬಹಳ ಕಾಲ ಚಾರ್ಜ್ ಮಾಡದೆ ಇಟ್ಟರೆ, ಅಥವಾ ಸಣ್ಣ ಬ್ಯಾಟರಿಯ ಆಯುಸ್ಸು ಮುಗಿದರೆ, ಗಡಿಯಾರ ನಿಂತು ಹಳೆಯ ಯಾವುದೋ ಇಸವಿಗೆ ಹೋಗಿಬಿಡುತ್ತದೆ.

ಸರಿಪಡಿಸುವುದು ಹೇಗೆ?

ಸೆಟ್ಟಿಂಗ್ಸ್‌ನಲ್ಲಿ ಸಮಯ ಮತ್ತು ಭಾಷೆಯ ವಿಭಾಗಕ್ಕೆ ಹೋಗಿ. ಸಮಯ ವಲಯ 'ಚೆನ್ನೈ, ಕೋಲ್ಕತ್ತ, ಮುಂಬೈ, ನವದೆಹಲಿ' ಎಂದಿರಬೇಕು. ನಮ್ಮ ಸಮಯ ಜಾಗತಿಕ ಸಮಯಕ್ಕಿಂತ 5 ಗಂಟೆ 30 ನಿಮಿಷ ಮುಂದೆ. ತಾರೀಕು, ಸಮಯವನ್ನು ಮೊಬೈಲ್ ನೋಡಿ ಸರಿಮಾಡಿ, ನಂತರ 'ಸಿಂಕ್ ನೌ' ಒತ್ತಿ. ಬ್ರೌಸರ್ ಮುಚ್ಚಿ ಮತ್ತೆ ತೆರೆಯಿರಿ. ಲ್ಯಾಪ್‌ಟಾಪ್ ಆಫ್ ಮಾಡಿದಾಗಲೆಲ್ಲ ತಾರೀಕು ಮತ್ತೆ ಹಿಂದಕ್ಕೆ ಹೋಗುತ್ತಿದ್ದರೆ ಆ ಸಣ್ಣ ಬ್ಯಾಟರಿ ಬದಲಿಸಬೇಕು. ಅದಕ್ಕೆ ಫಾರ್ಮ್ಯಾಟ್ ಬೇಕಿಲ್ಲ.

ತಾರೀಕು ಸರಿಯಿದ್ದೂ ಎಚ್ಚರಿಕೆ ಬಂದರೆ?

ಒಂದೇ ಜಾಲತಾಣದಲ್ಲಿ ಮಾತ್ರ ಬರುತ್ತಿದ್ದರೆ, ಆ ಜಾಲತಾಣದ ಪ್ರಮಾಣಪತ್ರದ ಅವಧಿಯೇ ಮುಗಿದಿರಬಹುದು. ವಿಳಾಸದ ಅಕ್ಷರಗಳನ್ನು ಇನ್ನೊಮ್ಮೆ ನೋಡಿ, ಸರಿಯಿದ್ದರೆ ಸ್ವಲ್ಪ ಕಾಯಿರಿ. ರೈಲು ನಿಲ್ದಾಣದಂಥ ಕಡೆ ಉಚಿತ ವೈಫೈನಲ್ಲಿ ಮಾತ್ರ ಬರುತ್ತಿದ್ದರೆ, ವೈಫೈನ ಲಾಗಿನ್ ಪುಟ ಅಡ್ಡಬಂದಿರಬಹುದು. ಮೊಬೈಲ್ ಡೇಟಾದಲ್ಲಿ ನೋಡಿದರೆ ಗೊತ್ತಾಗುತ್ತದೆ. ಎಲ್ಲ ಕಡೆಯೂ ಬರುತ್ತಿದ್ದರೆ ಸಾಫ್ಟ್‌ವೇರ್ ತೀರಾ ಹಳೆಯದಾಗಿದೆಯೇ, ಆ್ಯಂಟಿವೈರಸ್ ಸಂಪರ್ಕದ ನಡುವೆ ಬರುತ್ತಿದೆಯೇ ಎಂದು ಪರೀಕ್ಷಿಸಿ.

'ಮುಂದುವರಿಸಿ' ಒತ್ತಿದರೆ ಏನಾಗುತ್ತದೆ?

ಈ ಎಚ್ಚರಿಕೆ ಸುಮ್ಮನೆ ಹೆದರಿಸಲು ಇಟ್ಟದ್ದಲ್ಲ. 2014ರ ಜುಲೈನಲ್ಲಿ, ಭಾರತದ ನ್ಯಾಷನಲ್ ಇನ್‌ಫರ್ಮ್ಯಾಟಿಕ್ಸ್ ಸೆಂಟರ್‌ನ ಪ್ರಮಾಣಪತ್ರ ವ್ಯವಸ್ಥೆಯಿಂದ ಗೂಗಲ್‌ನ ಹೆಸರಿನಲ್ಲಿ ಅನಧಿಕೃತ ಪ್ರಮಾಣಪತ್ರಗಳು ಹೊರಬಿದ್ದಿರುವುದನ್ನು ಗೂಗಲ್ ಪತ್ತೆಹಚ್ಚಿತು. ಅಂಥ ಪತ್ರ ಕೈಯಲ್ಲಿದ್ದವರು ಸಂಪರ್ಕದ ನಡುವೆ ನಿಂತು ತಾವೇ ಗೂಗಲ್ ಎಂದು ನಂಬಿಸಬಹುದಿತ್ತು. ಅವು ರದ್ದಾದವು, ವಿಂಡೋಸ್ ಅವನ್ನು ನಂಬದಂತೆ ಮೈಕ್ರೋಸಾಫ್ಟ್ ಅಪ್‌ಡೇಟ್ ಕಳುಹಿಸಿತು. ಯಾರನ್ನು ನಂಬಬೇಕು, ಯಾರನ್ನು ಬಿಡಬೇಕು ಎಂಬ ಪಟ್ಟಿಯೂ ಅಪ್‌ಡೇಟ್ ಮೂಲಕವೇ ಬರುತ್ತದೆ. ಹಾಗಾಗಿ ಆಧಾರ್ ಸಂಖ್ಯೆ, ಬ್ಯಾಂಕ್ ವಿವರ, ಓಟಿಪಿ ಕೇಳುವ ಪುಟದಲ್ಲಿ ಎಚ್ಚರಿಕೆ ಬಂದರೆ ಕೊನೆಯ ದಿನವಾದರೂ ದಾಟಿ ಹೋಗಬೇಡಿ. ಬೇರೆ ಫೋನ್ ಅಥವಾ ಕಂಪ್ಯೂಟರಿನಿಂದ ಅರ್ಜಿ ಹಾಕಿ.

ಅಪ್‌ಡೇಟ್ ಮಾತ್ರ ವಿಫಲವಾಗುತ್ತಿದ್ದರೆ?

ದೋಷದ ಸಂಖ್ಯೆ ಬರೆದುಕೊಳ್ಳಿ. 80070070 ಎಂದು ಕೊನೆಗೊಂಡರೆ ಡಿಸ್ಕ್‌ನಲ್ಲಿ ಜಾಗವಿಲ್ಲ ಎಂದರ್ಥ. ಬೇಡದ ವಿಡಿಯೊ, ತಾತ್ಕಾಲಿಕ ಫೈಲ್‌ಗಳನ್ನು ತೆಗೆದರೆ ಸಾಕಾಗಬಹುದು. 80072 ಎಂಬ ಅಂಕಿಗಳಿದ್ದರೆ ಸಾಮಾನ್ಯವಾಗಿ ಇಂಟರ್ನೆಟ್ ಸಂಪರ್ಕದ ಅಥವಾ ತಾರೀಕಿನ ತೊಂದರೆ. ಇನ್ನು ಕೆಲವಕ್ಕೆ ಅಪ್‌ಡೇಟೇ ಬರುವುದಿಲ್ಲ. ವಿಂಡೋಸ್ 7ರ ಸಾಮಾನ್ಯ ಬೆಂಬಲ 2020ರ ಜನವರಿ 14ಕ್ಕೆ ಮುಗಿಯಿತು, ಅದರಲ್ಲಿ ಓಡುವ ಕೊನೆಯ ಕ್ರೋಮ್ 109ನೇ ಆವೃತ್ತಿ. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿದೆ. ಇಂಥ ಯಂತ್ರದಲ್ಲಿ ಹಣದ ವ್ಯವಹಾರ ಮಾಡದಿರುವುದು ಒಳ್ಳೆಯದು.

ಒಟ್ಟಿನಲ್ಲಿ, ತಾರೀಕು, ಸಮಯ ವಲಯ, ನೆಟ್‌ವರ್ಕ್, ಡಿಸ್ಕ್‌ನ ಜಾಗ, ಆವೃತ್ತಿ, ಈ ಕ್ರಮದಲ್ಲಿ ನೋಡುತ್ತ ಹೋಗಿ. ಫಾರ್ಮ್ಯಾಟ್ ಕಟ್ಟಕಡೆಯ ದಾರಿ, ಅದಕ್ಕೂ ಮುಂಚೆ ದಾಖಲೆಗಳನ್ನು ನಕಲು ಮಾಡಿಕೊಳ್ಳಬೇಕು. ಇನ್ನೊಂದು ಮಾತು: ನಿಜವಾದ ದೋಷ ಸಂದೇಶದಲ್ಲಿ ಕರೆ ಮಾಡಲು ಫೋನ್ ನಂಬರ್ ಇರುವುದಿಲ್ಲ. ಸೈರನ್ ಕೂಗುತ್ತ 'ಈ ನಂಬರಿಗೆ ಕರೆ ಮಾಡಿ' ಎನ್ನುವ ಪುಟ ಮೋಸದ್ದು, ಅದನ್ನು ಮುಚ್ಚಿಬಿಡಿ. ಈಗಾಗಲೇ ಹಣ ಹೋಗಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.