ಬೆಟ್ಟ ಹತ್ತಿದವರು ಬರೆದ ನಕ್ಷೆ

ದೊಡ್ಡಬಳ್ಳಾಪುರ ತಾಲ್ಲೂಕಿನ ಮಾಕಳಿದುರ್ಗಕ್ಕೆ ಭಾನುವಾರ ಬೆಳಗ್ಗೆ ಚಾರಣಕ್ಕೆ ಬರುವ ಬೆಂಗಳೂರಿನ ಹುಡುಗ ಹುಡುಗಿಯರು ಕಡಿಮೆಯಿಲ್ಲ. ಕೋಟೆ ನೋಡಿ, ಕೆಳಗಿನ ರೈಲು ಹಳಿಯ ಫೋಟೊ ತೆಗೆದು ಇಳಿಯುವವರೇ ಹೆಚ್ಚು. ಮಳೆನೀರು ಇಲ್ಲಿಂದ ಯಾವ ಕಡೆಗೆ ಹರಿಯುತ್ತದೆ ಎಂದು ಕೇಳುವವರು ಒಬ್ಬಿಬ್ಬರು. ನಂದಿಯ ಸಾಲಿನಲ್ಲಿ ಬಿದ್ದ ಮಳೆ ಒಂದು ಮಗ್ಗುಲಲ್ಲಿ ಅರ್ಕಾವತಿಯಾಗಿ ದೊಡ್ಡಬಳ್ಳಾಪುರವನ್ನು ಹಾದು ಕಾವೇರಿ ಸೇರುತ್ತದೆ. ಇನ್ನೊಂದು ಮಗ್ಗುಲಲ್ಲಿ ದಕ್ಷಿಣ ಪಿನಾಕಿನಿಯಾಗಿ ಹೊಸಕೋಟೆ ಕೆರೆ ಮುಟ್ಟಿ ತಮಿಳುನಾಡಿಗೆ ಇಳಿಯುತ್ತದೆ. ಈ ಏರುತಗ್ಗನ್ನು ನಡೆದು ತಿಳಿದವರಿಗೆ ನಕ್ಷೆಯ ಗೆರೆಗಳು ಬೇಗ ಒಲಿಯುತ್ತವೆ. ಭೂಮಾಪನವನ್ನೇ ವೃತ್ತಿ ಮಾಡಿಕೊಳ್ಳುವ ಆಸೆಯಿದ್ದರೆ ಇದಕ್ಕಿಂತ ಒಳ್ಳೆಯ ಮೊದಲ ಪಾಠವಿಲ್ಲ.

ಈ ವೃತ್ತಿಯ ದೊಡ್ಡ ಹೆಸರೊಂದು ಕೆಲಸ ಮಾಡಿದ್ದು ಇದೇ ಸೀಮೆಯಲ್ಲಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಆ ಯುದ್ಧದಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಮರುವರ್ಷ ಬೆಂಗಳೂರಿನ ಬಳಿ ಏಳು ಮೈಲಿಗೂ ಮಿಗಿಲಾದ ನೇರ ಗೆರೆಯೊಂದನ್ನು ನೂರು ಅಡಿಯ ಉಕ್ಕಿನ ಸರಪಳಿ ಹಿಡಿದು ಅಳೆದರು. ತ್ರಿಕೋನದ ಒಂದು ಬದಿಯ ಉದ್ದ ಗೊತ್ತಿದ್ದು, ಕೋನಗಳನ್ನು ಅಳೆದುಕೊಂಡರೆ ಉಳಿದ ಬದಿಗಳು ಲೆಕ್ಕದಲ್ಲೇ ಸಿಗುತ್ತವೆ. ಆದರೆ ಕೋನ ಹಿಡಿಯಲು ದೂರದ ಗುರುತು ಕಣ್ಣಿಗೆ ಕಾಣಬೇಕು, ಅದಕ್ಕೆ ಬೆಟ್ಟ ಹತ್ತಲೇಬೇಕು. ಸಾವನದುರ್ಗದ ಬಂಡೆಯೂ ಅವರ ಠಾಣೆಗಳಲ್ಲೊಂದು. 1802ರ ಏಪ್ರಿಲ್ 10ರಂದು ಮದ್ರಾಸಿನಲ್ಲಿ ಆರಂಭವಾದ ಮಹಾ ತ್ರಿಕೋನಮಿತಿ ಸರ್ವೆಗೆ ಇಲ್ಲಿನ ಅನುಭವವೇ ಬುನಾದಿ. ಮುಂದೆ ಅರ್ಧ ಟನ್ ತೂಕದ ಥಿಯೊಡೊಲೈಟನ್ನು ಬೆಟ್ಟದಿಂದ ಬೆಟ್ಟಕ್ಕೆ ಹೊರಿಸಿಕೊಂಡು ಹೋದ ಲ್ಯಾಂಬ್ಟನ್, 1823ರಲ್ಲಿ ಎಪ್ಪತ್ತರ ಆಸುಪಾಸಿನಲ್ಲಿ ಹಿಂಗಣಘಾಟ್‌ನಲ್ಲಿ ತೀರಿಕೊಂಡಾಗಲೂ ಸರ್ವೆಯ ದಾರಿಯಲ್ಲೇ ಇದ್ದರು. ಬಯಲಿನ ಬದುಕು ಒಗ್ಗದವರಿಗೆ ಅದು ಸಾಧ್ಯವಿರಲಿಲ್ಲ. ಆ ಭಾರ ಹೊತ್ತ ಕೂಲಿಗಳ ಹೆಸರು ಮಾತ್ರ ನಮಗೆ ಉಳಿದಿಲ್ಲ, ಅದು ನೋವಿನ ಸಂಗತಿ.

ನಮ್ಮ ಹಳ್ಳಿಗಳ ಸರ್ವೆಯಲ್ಲೂ ಸರಪಳಿಯದೇ ಲೆಕ್ಕ. ಇಲ್ಲಿನ ಸರಪಳಿಗೆ 33 ಅಡಿ, ಅದರಲ್ಲಿ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲ ಒಂದು ಗುಂಟೆ. 40 ಗುಂಟೆಗೆ ಎಕರೆ. ಈಗ ಉಪಗ್ರಹದ ಸಂಕೇತ ಹಿಡಿದು ಸೆಂಟಿಮೀಟರುಗಳ ಮಟ್ಟಿಗೆ ಜಾಗ ತೋರಿಸುವ ರೋವರ್ ಬಂದಿದೆ. ಆದರೂ ಹದ್ದುಬಸ್ತಿಗೆ ಬಂದ ಸರ್ವೆಯರ್ ಹಳೆಯ ಟಿಪ್ಪಣಿ ಹಿಡಿದು, ಲಂಟಾನದ ಪೊದೆ ಸರಿಸಿ ಬಾಂದುಕಲ್ಲು ಹುಡುಕಲೇಬೇಕು. ಪಕ್ಕದ ಹೊಲದವರ ಮಾತನ್ನೂ ಕೇಳಿಸಿಕೊಳ್ಳಬೇಕು.

2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ನಕ್ಷೆ ತಯಾರಿಕೆಯ ನಿರ್ಬಂಧಗಳನ್ನು ಸಡಿಲಿಸಿದ ಮೇಲೆ ಭಾರತೀಯ ಕಂಪನಿಗಳಿಗೆ ಮೊದಲಿನ ಅನುಮತಿಗಳ ಕಾಟ ತಪ್ಪಿದೆ. ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ಜಿಐಎಸ್ ಕಲಿತವರಿಗೆ ಪರದೆಯ ಮುಂದಿನ ಕೆಲಸ ಧಾರಾಳವಾಗಿದೆ. ಆದರೆ ಪರದೆಯಲ್ಲಿ ಖಾಲಿ ಕಾಣುವ ಜಾಗ ಗೋಮಾಳವೋ, ಗುಂಡುತೋಪೋ, ಬತ್ತಿದ ಕೆರೆಯಂಗಳವೋ ಎಂಬುದನ್ನು ಹೋಗಿ ನೋಡಿದವರೇ ಹೇಳಬೇಕು.

ಹೋಗಿ ನೋಡುವ ಈ ಹಂಬಲಕ್ಕೆ ಶಾಸನಗಳ ಕೆಲಸದಷ್ಟು ಚೆಂದದ ಉದಾಹರಣೆ ಇನ್ನೊಂದಿಲ್ಲ. ಬೆಂಗಳೂರಿನಲ್ಲೇ ಹುಟ್ಟಿದ ಬಿ.ಎಲ್. ರೈಸ್ ಮೈಸೂರು ಸೀಮೆಯ ಊರೂರು ಸುತ್ತಿ ಶಾಸನಗಳನ್ನು ದಾಖಲಿಸಿದರು. ದೇವನಹಳ್ಳಿ, ಹೊಸಕೋಟೆ, ನೆಲಮಂಗಲ, ದೊಡ್ಡಬಳ್ಳಾಪುರದ ಶಾಸನಗಳಿರುವ, ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೇ ಸಂಪುಟ 1905ರಲ್ಲಿ ಬಂತು. ಅದರಲ್ಲಿ ಕಲ್ಲಿನ ವಿಳಾಸವೆಂದರೆ ಊರಿನ ಹೆಸರು, ಯಾವುದೋ ದಿಕ್ಕು, ಯಾರದೋ ಹೊಲ. ಆ ಹೊಲಗಳಲ್ಲಿ ಎಷ್ಟೋ ಇಂದು ಬಡಾವಣೆಗಳಾಗಿವೆ. ಮಿಥಿಕ್ ಸೊಸೈಟಿ ಎಂಬ ಸಂಸ್ಥೆಯಲ್ಲಿ ಪಿ.ಎಲ್. ಉದಯ ಕುಮಾರ್ ಅವರ ಮುಂದಾಳತ್ವದ ತಂಡ 2021ರಿಂದ ಆ ಕಲ್ಲುಗಳನ್ನು ಹುಡುಕುತ್ತಿದೆ. ಊರಿನವರನ್ನು ವಿಚಾರಿಸಿ, ಕಲ್ಲು ಪತ್ತೆಯಾದರೆ ಮಣ್ಣು ತೊಳೆದು, 3ಡಿ ಸ್ಕ್ಯಾನರ್ ಹಿಡಿದು ಅಕ್ಷರ ಅಕ್ಷರವನ್ನೂ ದಾಖಲಿಸುತ್ತಾರೆ. ಅದು ನಿಂತಿರುವ ನಿಖರ ಜಾಗವನ್ನು ಆನ್‌ಲೈನ್ ನಕ್ಷೆಗೆ ಏರಿಸುತ್ತಾರೆ. ಮುಂದೆ ಹುಡುಕಿ ಬರುವವರು ಹೊಲದ ಯಜಮಾನರ ಹೆಸರು ಹಿಡಿದು ಅಲೆಯಬೇಕಿಲ್ಲ.